ಹಲಸಿನ ಮರ ಕಡಿದ ಮೇಲೆ ಅಡಿಕೆ ಸಸಿ ಬಿಳಿಚಿತು. ಬಿಸಿಲು ಗಿಡಕ್ಕೆ ಊಟ ಅಲ್ವಾ?

ತೋಡಕರೆ · ಭಾನುವಾರ ಮಧ್ಯಾಹ್ನ 2.40

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ. ಎರಡು ವರ್ಷದ ಹಿಂದೆ ಹಳೇ ತೋಟದ ಬದಿಯಲ್ಲಿ 120 ಅಡಿಕೆ ಸಸಿ ಇಟ್ಟಿದ್ದೆ. ಪಡುವಣ ಬದಿಯಲ್ಲಿ ಒಂದು ದೊಡ್ಡ ಹಲಸಿನ ಮರ ಇತ್ತು. ಮಧ್ಯಾಹ್ನದ ಮೇಲೆ ಅದರ ನೆರಳು ಪೂರ್ತಿ ಸಸಿಗಳ ಮೇಲೆ. ಮರಕ್ಕೆ ಒಳ್ಳೆ ರೇಟು ಬಂತು, ಮಗಳ ಫೀಸು ಬೇರೆ ಕಟ್ಟಲಿಕ್ಕಿತ್ತು, ಫೆಬ್ರವರಿ ಕೊನೆಗೆ ಕೊಟ್ಟುಬಿಟ್ಟೆ. ಇನ್ನು ಬಿಸಿಲು ಚೆನ್ನಾಗಿ ಬೀಳುತ್ತದೆ, ಸಸಿ ಬೇಗ ಏಳುತ್ತದೆ ಎಂದು ಖುಷಿಯೇ ಆಗಿತ್ತು.

ಹನ್ನೆರಡೇ ದಿನ. ಮೊದಲು ಎಲೆಯ ಹಸಿರು ಮಾಸಿದ ಹಾಗೆ ಆಯಿತು, ಮತ್ತೆ ಹಳದಿ, ಈಗ ಕೆಲವು ಕಡೆ ಕಾಗದದ ಹಾಗೆ ಬಿಳಿ, ನಡುವಿನಲ್ಲಿ ಕಂದು. ಪೇಟೆಯ ಒಂದು ಅಂಗಡಿಯಲ್ಲಿ ಫೋಟೋ ತೋರಿಸಿದೆ. ಶಿಲೀಂಧ್ರ ಎಂದು 850 ರೂಪಾಯಿಯ ಮದ್ದು ಕೊಟ್ಟರು. ಬಿಟ್ಟದ್ದೂ ಆಯಿತು, ಏನೂ ಉಪಯೋಗ ಇಲ್ಲ. ಪಕ್ಕದ ಮನೆಯವರು ಬಂದು ನೋಡಿ ಹಳದಿ ರೋಗ ಎಂದು ಹೆದರಿಸಿ ಹೋದರು.

ಒಂದು ವಿಚಿತ್ರ ಕಂಡೆ. ಎರಡು ಎಲೆ ಒಂದರ ಮೇಲೊಂದು ಒರಗಿದಲ್ಲಿ ಮೇಲಿನ ಗರಿ ಎತ್ತಿ ನೋಡಿದರೆ, ಕೆಳಗಿನ ಗರಿಯಲ್ಲಿ ಅದೇ ಆಕಾರದ ಹಸಿರು ಪಟ್ಟಿ. ಅಚ್ಚು ಒತ್ತಿದ ಹಾಗೆ. ಪಟ್ಟಿಯ ಹೊರಗೆ ಬಿಳಿ, ಒಳಗೆ ಕಡು ಹಸಿರು. ಇದು ಏನು? ಬಿಸಿಲಿನಿಂದ ಅಡುಗೆ ಮಾಡಿಕೊಳ್ಳುವ ಗಿಡಕ್ಕೆ ಬಿಸಿಲೇ ಆಗದೆ ಹೋಗುವುದುಂಟಾ?

ಮುಟ್ಟಾಳೆ · ಭಾನುವಾರ ಸಂಜೆ 4.15

ತಮ್ಮಾ, ಮೊದಲು ಆ ಮದ್ದಿನ ಬಾಟಲಿ ಮೂಲೆಗಿಡು.

ಬಿಳಿಚಿದ್ದು ತೆಂಕು ಪಡು ಬದಿಯದ್ದು ಅಲ್ವಾ? ಹಾಗಾದರೆ ಬಿಸಿಲೇ. ನಮ್ಮ ಅಪ್ಪ ಕಂಗಿನ, ಅಂದರೆ ಅಡಿಕೆ ಮರದ, ಕಾಂಡಕ್ಕೆ ಪಡುವಣ ಬಿಸಿಲು ತಾಗಬಾರದು ಎಂದು ಹಾಳೆ ಕಟ್ಟುತ್ತಿದ್ದರು, ಕೆಲವರು ಸುಣ್ಣ ಬಳಿಯುತ್ತಿದ್ದರು. ಕಾಸರಗೋಡಿನ ತೋಟದ ಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಸಾಲನ್ನು ನೇರ ತೆಂಕು ಬಡಗಾಗಿ ಇಡಬೇಡಿ, 35 ಡಿಗ್ರಿ ಪಡುವಣಕ್ಕೆ ವಾಲಿಸಿ ಎನ್ನುವುದೂ ಇದಕ್ಕೇ. ಒಂದು ಕಂಗಿನ ನೆರಳು ಇನ್ನೊಂದರ ಕಾಂಡದ ಮೇಲೆ ಬೀಳಲಿ ಎಂದು.

ಮರ ಕೊಟ್ಟದ್ದು ತಪ್ಪಲ್ಲ. ಫೆಬ್ರವರಿಯಲ್ಲಿ ಕೊಟ್ಟದ್ದು ತಪ್ಪು. ನಾವು ಮರದ ಗೆಲ್ಲು ಸವರುವುದು ಮಳೆ ಹಿಡಿದ ಮೇಲೆ. ಯಾಕೆ ಎಂದು ಓದಿದವರು ಹೇಳಲಿ. ನೀನು ಇವತ್ತೇ ಸಂಜೆ ನಾಲ್ಕು ತೆಂಗಿನ ಮಡಲು ತಂದು ಪಡುವಣ ಬದಿಗೆ ಊರು.

ಸುರಂಗದ ನೀರು · ಭಾನುವಾರ ಸಂಜೆ 6.05

ನನಗೆ ಒಪ್ಪಿಗೆ ಇಲ್ಲ. ತೆಂಗು ಇಡೀ ದಿನ ಬಿಸಿಲಿನಲ್ಲೇ ನಿಂತಿರುತ್ತದೆ. ಗುಡ್ಡೆಯ ಮೇಲೆ ಮುರಕಲ್ಲಿನ ಪಾರೆಯಲ್ಲಿ ಗೇರು ಮರ ನೋಡಿ, ಅದಕ್ಕೆ ಯಾರು ಹಾಳೆ ಕಟ್ಟಿದ್ದಾರೆ? ಮಾರ್ಚ್ ಬಂತು ಎಂದರೆ ನಮ್ಮ ಕಡೆ ನೀರಿಗೆಂದು ಗುಡ್ಡೆ ಕೊರೆದ ಸುರಂಗದಲ್ಲಿ ನೀರು ನೂಲಿನಷ್ಟು ಬರುತ್ತದೆ. ಇದು ನೀರಿನ ಸಮಸ್ಯೆ. ಎರಡು ದಿನಕ್ಕೊಮ್ಮೆ ನೀರು ಕೊಟ್ಟು ನೋಡಿ, ಬಿಸಿಲನ್ನು ಯಾಕೆ ದೂರುತ್ತೀರಿ.

ಎಲೆಹಸಿರು · ಭಾನುವಾರ ರಾತ್ರಿ 9.50

ನನ್ನ ಊರು ಪೆರ್ಲ, ಈಗ ಇರುವುದು ದೂರ. ಎಲೆಯ ಮೇಲೆ ಬೆಳಕು ಬಿಟ್ಟು ಅದು ಏನು ಮಾಡುತ್ತದೆ ಎಂದು ಅಳೆಯುವುದೇ ನನ್ನ ಕೆಲಸ. ಹಾಗಾಗಿ ಸುಮ್ನೆ ಓದಿ ಹೋಗಲು ಆಗುತ್ತಿಲ್ಲ. ಉದ್ದ ಆದರೆ ಬೈಯಬೇಡಿ.

ತೋಡಕರೆಯವರೇ, ನೀವು ಕಂಡ ಆ ಹಸಿರು ಪಟ್ಟಿಯಲ್ಲೇ ಉತ್ತರ ಇದೆ. ಶಿಲೀಂಧ್ರಕ್ಕೆ ನೆರಳಿನ ಅಂಚು ಎಲ್ಲಿ ಎಂದು ಗೊತ್ತಾಗುವುದಿಲ್ಲ. ಹಳದಿ ಎಲೆ ರೋಗಕ್ಕೆ ಕಾರಣ ಫೈಟೋಪ್ಲಾಸ್ಮಾ, ಅದನ್ನು ಒಂದು ಸಣ್ಣ ಜಿಗಿಹುಳು ಹರಡುತ್ತದೆ, ಅದಕ್ಕೂ ಗೊತ್ತಾಗುವುದಿಲ್ಲ. ಬೆಳಕು ಬಿದ್ದಲ್ಲಿ ಮಾತ್ರ ಹಾಳಾಗಿದೆ, ಮುಚ್ಚಿದಲ್ಲಿ ಗೆರೆ ಎಳೆದ ಹಾಗೆ ಉಳಿದಿದೆ ಎಂದರೆ ಅದರಲ್ಲಿ ಬೆಳಕಿನ ಕೈ ಇದೆ.

ಬಿಸಿಲು ಊಟ ಎನ್ನುವುದು ಅರ್ಧ ಸರಿ. ಮಧ್ಯಾಹ್ನದ ನೆತ್ತಿಯ ಬಿಸಿಲಿನಲ್ಲಿ ಒಂದು ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 2000 ಮೈಕ್ರೊಮೋಲ್ ಬೆಳಕಿನ ಕಣ ಬೀಳುತ್ತವೆ. ಅಡಿಕೆ, ತೆಂಗು, ಭತ್ತ ಇರುವ ಗುಂಪಿನ ಗಿಡಗಳ ಒಂಟಿ ಎಲೆಗೆ ಹೆಚ್ಚಾಗಿ ಅದರ ಕಾಲು ಪಾಲಿನಿಂದ ಅರ್ಧ ಪಾಲಿನೊಳಗೇ ಹೊಟ್ಟೆ ತುಂಬುತ್ತದೆ. ನೆರಳಿನಲ್ಲೇ ಹುಟ್ಟಿ ಬೆಳೆದ ಎಲೆಗೆ ಅದಕ್ಕಿಂತ ತುಂಬ ಕಡಿಮೆ ಸಾಕು. ಕಷ್ಟ ಏನೆಂದರೆ, ಹೊಟ್ಟೆ ತುಂಬಿದ ಮೇಲೂ ಬಡಿಸುವುದು ನಿಲ್ಲುವುದಿಲ್ಲ. ಶಾಲೆಯಲ್ಲಿ ಪತ್ರಹರಿತ್ತು ಎಂದು ಓದಿದ್ದೇವಲ್ಲ, ಆ ಕ್ಲೋರೋಫಿಲ್ ತನ್ನ ಮೇಲೆ ಬಿದ್ದ ಬೆಳಕನ್ನು ಹಿಡಿಯುತ್ತಲೇ ಇರುತ್ತದೆ. ಸಾಕು ಎನ್ನಲು ಅದಕ್ಕೆ ಬರುವುದಿಲ್ಲ.

ಹಿಡಿದ ಶಕ್ತಿಯನ್ನು ಕೆಲವೇ ನ್ಯಾನೊ ಸೆಕೆಂಡಿನಲ್ಲಿ ಕೈ ದಾಟಿಸಬೇಕು. ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊ ಸೆಕೆಂಡು. ದಾರಿ ಮೂರು: ಸಕ್ಕರೆ ಮಾಡುವ ಕೆಲಸಕ್ಕೆ ಕೊಡುವುದು, ಬಿಸಿಯಾಗಿ ಬಿಟ್ಟುಬಿಡುವುದು, ಇಲ್ಲವೇ ಮಂದ ಕೆಂಪು ಬೆಳಕಾಗಿ ಹೊರಗೆ ಬಿಡುವುದು. ಕೆಂಪು ಬೆಳಕಿನ ಪಾಲು ನೂರರಲ್ಲಿ ಒಂದೆರಡು ಅಷ್ಟೇ, ಕಣ್ಣಿಗೆ ಕಾಣುವುದಿಲ್ಲ, ಆದರೆ ನಮ್ಮ ಉಪಕರಣಗಳು ಓದುವುದು ಅದನ್ನೇ. ಮೂರು ದಾರಿಯೂ ಕಟ್ಟಿ ನಿಂತರೆ ಕ್ಲೋರೋಫಿಲ್ ಟ್ರಿಪ್ಲೆಟ್ ಎಂಬ ಸ್ಥಿತಿಗೆ ಜಾರುತ್ತದೆ, ಪಕ್ಕದಲ್ಲಿರುವ ಆಮ್ಲಜನಕವನ್ನು ಕೆರಳಿಸುತ್ತದೆ. ಕೆರಳಿದ ಆಮ್ಲಜನಕಕ್ಕೆ ಸಿಂಗ್ಲೆಟ್ ಆಕ್ಸಿಜನ್ ಎನ್ನುತ್ತೇವೆ. ಅದು ಕೈಗೆ ಸಿಕ್ಕಿದ್ದನ್ನು ಹಾಳು ಮಾಡುತ್ತದೆ, ಪೊರೆಯ ಕೊಬ್ಬು, ಪ್ರೋಟೀನು, ಕೊನೆಗೆ ಕ್ಲೋರೋಫಿಲನ್ನೇ. ನಿಮ್ಮ ಸಸಿಯಲ್ಲಿ ಬಿಳಿಚಿದ್ದು ಹೀಗೆ.

ಸುರಂಗದ ನೀರು ಅವರು ಹೇಳಿದ್ದೂ ಸುಳ್ಳಲ್ಲ. ಅದಕ್ಕೆ ನಾಳೆ ಬರೆಯುತ್ತೇನೆ, ಇಲ್ಲಿ ಈಗ ಕೆಲಸದ ಹೊತ್ತು.

ಟೆರೇಸ್ ತೋಟ · ಭಾನುವಾರ ರಾತ್ರಿ 10.30

ಅಯ್ಯೋ, ಇದು ನನ್ನ ಆಂಥೂರಿಯಂ ಕತೆ! ಮಂಜೇಶ್ವರದಲ್ಲಿ ಟೆರೇಸಿನ ಮೇಲೆ 75 ಪರ್ಸೆಂಟಿನ ಶೇಡ್ ನೆಟ್ ಕಟ್ಟಿ 40 ಕುಂಡ ಇಟ್ಟಿದ್ದೆ. ಒಂದು ರಾತ್ರಿ ಸಮುದ್ರದ ಕಡೆಯಿಂದ ಗಾಳಿ ಬಂದು ನೆಟ್ ಅರ್ಧ ಹರಿಯಿತು. ನಾವು ಮದುವೆಗೆಂದು ಊರಿಗೆ ಹೋದವರು ಬರುವಾಗ ಮೂರು ದಿನ. ಹರಿದ ಕಡೆಯ ಕುಂಡಗಳ ಎಲೆ ಎಲ್ಲ ದೋಸೆ ಸೀದ ಹಾಗೆ. ನೆಟ್ ಉಳಿದ ಕಡೆ ಒಂದಕ್ಕೂ ಏನೂ ಆಗಿಲ್ಲ. ನೀರು ಎರಡೂ ಕಡೆ ಒಂದೇ ಪೈಪಿನಿಂದ, ಟೈಮರ್ ಹಾಕಿದ್ದು. ಹಾಗಾಗಿ ನೀರಿನ ವಾದ ನನಗೆ ಹಿಡಿಸುವುದಿಲ್ಲ.

ಎಲೆಹಸಿರು · ಸೋಮವಾರ ರಾತ್ರಿ 8.20

ಟೆರೇಸ್ ತೋಟ ಅಕ್ಕಾ, ನಿಮ್ಮದು ನಾವು ಲ್ಯಾಬಿನಲ್ಲಿ ದುಡ್ಡು ಕೊಟ್ಟು ಮಾಡಿಸುವಂಥ ಪ್ರಯೋಗ. ಗಾಳಿ ಪುಕ್ಕಟೆ ಮಾಡಿಕೊಟ್ಟಿದೆ.

ನೀರಿನ ವಿಷಯ. ಬೆಳಕು ಜಾಸ್ತಿ ಎನ್ನುವುದು ಬೆಳಕಿನ ಲೆಕ್ಕ ಮಾತ್ರ ಅಲ್ಲ, ಖರ್ಚಿನ ಲೆಕ್ಕವೂ ಹೌದು. ನೀರು ಕಡಿಮೆಯಾದರೆ ಎಲೆ ತನ್ನ ಸಣ್ಣ ಬಾಯಿಗಳನ್ನು, ಪತ್ರರಂಧ್ರಗಳನ್ನು, ಮುಚ್ಚಿಕೊಳ್ಳುತ್ತದೆ. ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದಿಲ್ಲ. ಸಕ್ಕರೆ ಮಾಡುವ ಕೆಲಸ ಕುಂಟುತ್ತದೆ. ಬೆಳಕು ನಿನ್ನೆಯಷ್ಟೇ ಬೀಳುತ್ತಿದೆ, ಆದರೆ ಖರ್ಚಾಗುವ ದಾರಿ ಸಣ್ಣದಾಯಿತು. ನಿನ್ನೆ ಸರಿಯಾಗಿದ್ದ ಬೆಳಕು ಇವತ್ತು ಜಾಸ್ತಿ. ಬರಗಾಲದಲ್ಲಿ ಎಲೆ ಬಿಳಿಚುವುದರಲ್ಲಿ ಬೆಳಕಿನ ಪಾಲು ದೊಡ್ಡದು ಇರುವುದು ಇದಕ್ಕೇ. ಅಂದರೆ ನೆರಳೂ ಕೊಡಿ, ನೀರೂ ಕೊಡಿ. ಜಗಳ ಬೇಡ.

ಈಗ ಗೇರು ಮರಕ್ಕೆ ಯಾಕೆ ಹಾಳೆ ಬೇಡ ಎಂದು. ತೋಡಿಗೆ ಕಟ್ಟ ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನೀರು ನಿಲ್ಲಲಿ ಎಂದೇ ಹಲಗೆ ಇಟ್ಟು ಮಣ್ಣು ತುಂಬುತ್ತೇವೆ. ಆದರೆ ಬೇಸಿಗೆಯಲ್ಲಿ ಒಮ್ಮೆಲೇ ಜೋರು ಮಳೆ ಬಂದರೆ ರಾತ್ರಿಯೇ ಟಾರ್ಚ್ ಹಿಡಿದು ಓಡುತ್ತೇವೆ, ಹಲಗೆ ಕೀಳಲು. ಇಲ್ಲದಿದ್ದರೆ ಕಟ್ಟವೇ ಕೊಚ್ಚಿ ಹೋಗುತ್ತದೆ. ಎಲೆ ಪ್ರತಿದಿನ ಮಧ್ಯಾಹ್ನ ಹೀಗೆ ಹಲಗೆ ಕೀಳುತ್ತದೆ. ಸುಡು ಬಿಸಿಲಿನಲ್ಲಿ ನಿಂತ ಮರ ಹಿಡಿದ ಬೆಳಕಿನಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಬೇಕೆಂದೇ ಬಿಸಿಯಾಗಿ ಚೆಲ್ಲುವುದುಂಟು.

ಹಲಗೆ ಕೀಳುವ ಹೊತ್ತಾಯಿತು ಎಂದು ತಿಳಿಯುವುದು ಹುಳಿಯಿಂದ. ಎಲೆಯ ಹಸಿರು ಕಣಗಳ, ಅಂದರೆ ಕ್ಲೋರೋಪ್ಲಾಸ್ಟುಗಳ, ಒಳಗೆ ತೈಲಕಾಯ್ಡ್ ಎಂಬ ಚಪ್ಪಟೆ ಚೀಲಗಳ ಅಟ್ಟಿ ಇದೆ. ಬೆಳಕಿನ ಕೆಲಸ ನಡೆಯುವಾಗ ಆ ಚೀಲದೊಳಗೆ ಹೈಡ್ರೋಜನ್ ಅಯಾನು ತುಂಬಿ ಹುಳಿಯಾಗುತ್ತದೆ. ಆ ಅಯಾನುಗಳು ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಮಾಡುವ ಒಂದು ಪುಟ್ಟ ಗಿರಣಿಯನ್ನು ತಿರುಗಿಸಿಕೊಂಡು ಹೊರಗೆ ಹೋಗಬೇಕು. ಬೆಳಕು ಜಾಸ್ತಿ, ಗಿರಣಿಗೆ ಕೆಲಸ ಕಡಿಮೆ ಎಂದಾದಾಗ ಒಳಗೆ ಹುಳಿ ಏರುತ್ತದೆ. ಅದೇ ಸುದ್ದಿ. ಪಿಎಸ್‌ಬಿಎಸ್ ಎಂಬ ಪ್ರೋಟೀನು ಆ ಹುಳಿ ತಾಗಿದ ಕೂಡಲೇ ಎಚ್ಚರಾಗುತ್ತದೆ, ಸೆಕೆಂಡುಗಳ ಮಾತು. ಬೆಳಕು ಹಿಡಿಯುವ ಬುಟ್ಟಿಗಳು ಸ್ವಲ್ಪ ಸರಿದು ಮಗ್ಗುಲು ಬದಲಿಸುತ್ತವೆ, ಶಕ್ತಿ ಬಿಸಿಯಾಗಿ ಸೋರಿ ಹೋಗುತ್ತದೆ. ಈ ಪ್ರೋಟೀನಿನ ಕೆಲಸ ಅಮೆರಿಕದ ಬರ್ಕ್ಲಿಯ ಕೃಷ್ಣ ನಿಯೋಗಿಯವರ ತಂಡಕ್ಕೆ 2000ದಲ್ಲಿ ಗೊತ್ತಾದದ್ದು.

ಅದೇ ಹುಳಿ ಇನ್ನೊಂದು ಕೆಲಸ ಮಾಡುತ್ತದೆ. ಚೀಲದೊಳಗೆ ಸುಮ್ನೆ ಕೂತಿದ್ದ ಒಂದು ಕಿಣ್ವವನ್ನು ಎಬ್ಬಿಸುತ್ತದೆ. ಅದು ವಯೋಲಾಕ್ಸಾಂಥಿನ್ ಎಂಬ ಹಳದಿ ಬಣ್ಣವನ್ನು ಕೆಲವೇ ನಿಮಿಷದಲ್ಲಿ ಜಿಯಾಕ್ಸಾಂಥಿನ್ ಎಂಬ ಇನ್ನೊಂದು ಹಳದಿಯಾಗಿ ಮಾಡುತ್ತದೆ. ಹೆಸರು ಮೆಕ್ಕೆಜೋಳದ್ದು, ಜೋಳದ ಹಳದಿಯಲ್ಲೂ ಇದೇ ಇರುವುದು. ಜಿಯಾಕ್ಸಾಂಥಿನ್ ಇದ್ದರೆ ಸೋರುವಿಕೆ ಇನ್ನೂ ಜೋರು, ಕೆರಳಿದ ಆಮ್ಲಜನಕವನ್ನು ತಣಿಸುವ ಶಕ್ತಿಯೂ ಅದಕ್ಕುಂಟು. ಬೆಳಕು ಬಿದ್ದರೆ ವಯೋಲಾಕ್ಸಾಂಥಿನ್ ಕಡಿಮೆಯಾಗುತ್ತದೆ ಎಂದು ರಷ್ಯಾದ ಸಪೋಝ್ನಿಕೋವ್ 1957ರಲ್ಲೇ ಬರೆದಿದ್ದರು. ಅದು ಬೆಳಕನ್ನು ಬಿಸಿಯಾಗಿ ಬಿಡುವ ಕೆಲಸಕ್ಕೆ ಸೇರಿದ್ದು ಎಂದು ಬಾರ್ಬರಾ ಡೆಮ್ಮಿಗ್ ಆಡಮ್ಸ್ ತೋರಿಸಿದ್ದು 1987ರಲ್ಲಿ. ಮೂವತ್ತು ವರ್ಷ ಎಲೆ ಬಣ್ಣ ಬದಲಿಸುವುದು ಗೊತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ.

ಇನ್ನೊಂದು ಮಾತು, ವಿಷಯಕ್ಕೆ ಹೊರಗಿನದ್ದು. ನಮ್ಮ ಕಣ್ಣಿನ ಹಿಂದೆ ನೋಟ ಚೂಪಾಗಿರುವ ಜಾಗದಲ್ಲಿ ಒಂದು ಹಳದಿ ಚುಕ್ಕೆ ಇದೆ. ಅಲ್ಲಿರುವುದರಲ್ಲಿ ಒಂದು ಇದೇ ಜಿಯಾಕ್ಸಾಂಥಿನ್. ನಮ್ಮ ದೇಹಕ್ಕೆ ಅದನ್ನು ಮಾಡಲು ಬರುವುದಿಲ್ಲ. ಸೊಪ್ಪು, ಜೋಳ, ಮೊಟ್ಟೆಯ ಹಳದಿಯಿಂದಲೇ ಬರಬೇಕು.

ಕೇಪುಳ · ಸೋಮವಾರ ರಾತ್ರಿ 9.05

ಅಕ್ಕಾ, ನಾನು ಪ್ಲಸ್ ಟು ಓದುತ್ತಿದ್ದೇನೆ. ನಮ್ಮ ಪುಸ್ತಕದಲ್ಲಿ ಬೆಳಕು ಜಾಸ್ತಿಯಾದ ಹಾಗೆ ದ್ಯುತಿಸಂಶ್ಲೇಷಣೆ ಏರಿ ಮತ್ತೆ ಸಮ ಆಗುವ ಗ್ರಾಫ್ ಇದೆ. ಸಮ ಆದ ಮೇಲೆ ಉಳಿದ ಬೆಳಕು ಎಲ್ಲಿಗೆ ಹೋಯಿತು ಎಂದು ಕ್ಲಾಸಿನಲ್ಲಿ ಕೇಳಿದೆ. ಪರೀಕ್ಷೆಗೆ ಅದು ಬರುವುದಿಲ್ಲ ಎಂದರು 🙂

ಮಾವಿನ ಚಿಗುರು, ದಾಲ್ಚೀನಿ ಚಿಗುರು, ಕೊಕ್ಕೋ ಚಿಗುರು ಎಲ್ಲ ಕೆಂಪು, ಅದೂ ಜೋತು ಬಿದ್ದಿರುತ್ತದೆ. ಅದೂ ಇದೇ ಕಾರಣಕ್ಕಾ? ನಮ್ಮ ಮನೆಯ ಪುನರ್ಪುಳಿಯೂ ಹಾಗೇ.

ಸುರಂಗದ ನೀರು · ಸೋಮವಾರ ರಾತ್ರಿ 9.40

ಕಟ್ಟದ ಮಾತು ಹೇಳಿದಿರಿ, ಈಗ ದಾರಿಗೆ ಬಂತು. ಆದರೆ ಒಂದು ಕೇಳುತ್ತೇನೆ. ಕಟ್ಟದ ಹಲಗೆ ಕೀಳುವುದು ಸುಲಭ. ವಾಪಸು ಇಟ್ಟು ಮಣ್ಣು ಮೆತ್ತಲು ಅರ್ಧ ದಿನ ಬೇಕು, ಅಷ್ಟರಲ್ಲಿ ನೀರು ಹೋಗಿಯೇ ಹೋಯಿತು. ಎಲೆಗೂ ಹಾಗೆಯಾ? ಮೋಡ ಬಂದ ಕೂಡಲೇ ಹಲಗೆ ಹಾಕುತ್ತದಾ?

ಎಲೆಹಸಿರು · ಸೋಮವಾರ ರಾತ್ರಿ 11.30

ಅಣ್ಣಾ, ಇಷ್ಟು ವರ್ಷ ನಾವು ಸಂಬಳ ತೆಗೆದುಕೊಂಡು ಕೇಳುತ್ತಿದ್ದ ಪ್ರಶ್ನೆ ಅದು.

ಹಾಕುತ್ತದೆ, ಆದರೆ ನಿಧಾನ. ಪಿಎಸ್‌ಬಿಎಸ್ ಭಾಗ ಬೇಗ ಸುಮ್ಮನಾಗುತ್ತದೆ. ಜಿಯಾಕ್ಸಾಂಥಿನ್ ತಿರುಗಿ ವಯೋಲಾಕ್ಸಾಂಥಿನ್ ಆಗಲು ಹತ್ತಾರು ನಿಮಿಷ, ಕೆಲವೊಮ್ಮೆ ಗಂಟೆಗಳು. ಅಷ್ಟು ಹೊತ್ತು ನೆರಳಿನಲ್ಲಿ ಇದ್ದೂ ಎಲೆ ಬೆಳಕನ್ನು ಚೆಲ್ಲುತ್ತಲೇ ಇರುತ್ತದೆ. ಒತ್ತಾದ ಬೆಳೆಯಲ್ಲಿ ಕೆಳಗಿನ ಎಲೆಗಳಿಗೆ ದಿನವಿಡೀ ಬಿಸಿಲು ನೆರಳು ಬಿಸಿಲು ನೆರಳು, ಎಷ್ಟು ನಷ್ಟ ಲೆಕ್ಕ ಹಾಕಿ. 2016ರಲ್ಲಿ ಇಲಿನಾಯ್‌ನ ಸ್ಟೀಫನ್ ಲಾಂಗ್ ಮತ್ತು ನಿಯೋಗಿ ತಂಡದವರು ಹೊಗೆಸೊಪ್ಪಿನ ಗಿಡದಲ್ಲಿ ಮೂರು ಜೀನುಗಳನ್ನು ಜಾಸ್ತಿ ಮಾಡಿ, ಹಲಗೆ ಬೇಗ ಕೀಳುವ ಹಾಗೆ, ಬೇಗ ಇಡುವ ಹಾಗೆ ಮಾಡಿದರು. ಹೊಲದಲ್ಲಿ ಬೆಳೆಸಿದಾಗ ಗಿಡದ ತೂಕ ಸುಮಾರು 15 ಪರ್ಸೆಂಟ್ ಜಾಸ್ತಿ ಬಂತು. ಹೊಗೆಸೊಪ್ಪನ್ನೇ ತೆಗೆದುಕೊಂಡದ್ದು ಅದಕ್ಕೆ ಜೀನು ಸೇರಿಸುವುದು ಸುಲಭ ಎಂದು. ಹೊಗೆಸೊಪ್ಪು ಬೆಳೆಯುತ್ತಿದ್ದ ನಮ್ಮ ಪಳ್ಳಿಕೆರೆ ಕಡೆಯವರು ಖುಷಿಪಡುವುದು ಬೇಡ.

ಕೇಪುಳ, ಪರೀಕ್ಷೆಗೆ ಬರದ ಪ್ರಶ್ನೆ ಕೇಳುತ್ತಾ ಇರು. ಚಿಗುರಿನ ಕೆಂಪು ಆಂಥೋಸಯನಿನ್. ಅದು ಕ್ಲೋರೋಪ್ಲಾಸ್ಟಿನ ಒಳಗಲ್ಲ, ಕೋಶದ ರಸದ ಚೀಲದಲ್ಲಿ ಇರುತ್ತದೆ. ಹಸಿರು ಬೆಳಕನ್ನು ತಾನು ಹೀರಿ ಒಳಗಿನವರಿಗೆ ಕೊಡೆ ಹಿಡಿಯುತ್ತದೆ. ಎಳೆ ಎಲೆಯಲ್ಲಿ ಯಂತ್ರ ಇನ್ನೂ ಜೋಡಣೆಯಲ್ಲಿದೆ, ಖರ್ಚು ಮಾಡುವ ಶಕ್ತಿ ಕಡಿಮೆ. ಜೋತು ಬಿದ್ದರೆ ನೆತ್ತಿಯ ಬಿಸಿಲು ಅಂಚಿಗೆ ಮಾತ್ರ ತಾಗುತ್ತದೆ. ಹುಳಗಳ ಕಣ್ಣಿಗೆ ಬೀಳದಿರಲಿ, ತಿನ್ನಲು ರುಚಿಸದಿರಲಿ ಎಂದೂ ಕೆಂಪು ಎನ್ನುವವರಿದ್ದಾರೆ. ಎರಡೂ ಗುಂಪಿನವರ ಹತ್ತಿರ ಪ್ರಯೋಗಗಳಿವೆ. ನಾನು ಕೊಡೆಯ ಪಕ್ಷ.

ಎಲೆ ಆಡಿಸುವ ಗಿಡಗಳನ್ನು ನೋಡಬೇಕಿದ್ದರೆ ಮಧ್ಯಾಹ್ನ ಪುಳಿಯಾರೆಲೆ ನೋಡು. ಅಲಸಂಡೆಯನ್ನೂ ನೋಡು, ನೀರು ಕಡಿಮೆ ಇರುವ ದಿನ ಅದು ಎಲೆಯ ಅಂಚನ್ನೇ ಸೂರ್ಯನಿಗೆ ತೋರಿಸಿ ನಿಲ್ಲುತ್ತದೆ.

ಮುಟ್ಟಾಳೆ · ಮಂಗಳವಾರ ಬೆಳಿಗ್ಗೆ 6.30

ಹುಲ್ಲು ಸುಡುವ ಒಂದು ಮದ್ದು ಇತ್ತು, ಪ್ಯಾರಾಕ್ವಾಟ್. ಈಗ ಕೇರಳದಲ್ಲಿ ಇಲ್ಲ, ಒಳ್ಳೆಯದೇ ಆಯಿತು. ಸ್ಪ್ರೇ ಎಂದರೆ ಎಂಡೋಸಲ್ಫಾನ್ ಕಂಡ ನಮ್ಮ ಊರವರಿಗೆ ಈಗಲೂ ಎದೆ ನಡುಗುತ್ತದೆ. ಆದರೆ ಒಂದು ನೆನಪು. ಅದನ್ನು ಸಂಜೆ ಬಿಟ್ಟರೆ ರಾತ್ರಿ ಹುಲ್ಲು ಹಸಿರೇ, ಮರುದಿನ ಬಿಸಿಲು ಏರಿದ ಮೇಲೆ ಸುಟ್ಟ ಹಾಗೆ. ಅದಕ್ಕೂ ಈ ಬೆಳಕಿನ ಸುದ್ದಿಗೂ ಸಂಬಂಧ ಉಂಟಾ ತಂಗೀ?

ಎಲೆಹಸಿರು · ಮಂಗಳವಾರ ಬೆಳಿಗ್ಗೆ 7.10

ಉಂಟು ಮಾವ, ನೇರ ಸಂಬಂಧ. ಬೆಳಕಿನಿಂದ ಹೊರಟ ಎಲೆಕ್ಟ್ರಾನುಗಳನ್ನು ಅದು ನಡುದಾರಿಯಲ್ಲಿ ಕಿತ್ತು ಆಮ್ಲಜನಕಕ್ಕೆ ಕೊಡುತ್ತದೆ. ಹುಲ್ಲನ್ನು ಸುಡುವುದು ಹುಲ್ಲಿನದೇ ಬೆಳಕಿನ ಯಂತ್ರ. ಬಿಸಿಲಿಲ್ಲದೆ ಎಲೆಕ್ಟ್ರಾನು ಹೊರಡುವುದಿಲ್ಲ, ಅದಕ್ಕೆ ರಾತ್ರಿ ಹಸಿರು.

ಸಾಧಾರಣ ಎಲೆಯಲ್ಲೂ ಮಧ್ಯಾಹ್ನ ಸ್ವಲ್ಪ ಎಲೆಕ್ಟ್ರಾನು ಆಮ್ಲಜನಕಕ್ಕೆ ಸೋರುತ್ತದೆ. ಅದನ್ನು ತಣಿಸಲು ಎಲೆ ವಿಟಮಿನ್ ಸಿ, ಗ್ಲುಟಾಥಯಾನ್ ಎಲ್ಲ ಇಟ್ಟುಕೊಂಡಿರುತ್ತದೆ. ಇಷ್ಟೆಲ್ಲ ಆದ ಮೇಲೂ ಪೆಟ್ಟು ಬೀಳುತ್ತದೆ. ಜಾಸ್ತಿ ಪೆಟ್ಟು ತಿನ್ನುವುದು ಬೆಳಕಿನ ಯಂತ್ರದ ಫೋಟೋಸಿಸ್ಟಂ-2 ಎಂಬ ಭಾಗದ ಒಳಗಿನ ಡಿ1 ಎಂಬ ಪ್ರೋಟೀನು. ಪಂಪಿನ ವಾಶರ್ ಇದ್ದ ಹಾಗೆ, ಸವೆಯುತ್ತದೆ, ತೆಗೆದು ಹೊಸತು ಹಾಕುವುದು. ಒಳ್ಳೆಯ ಬಿಸಿಲಿನಲ್ಲಿ ಗಂಟೆಗೊಮ್ಮೆ ಎನ್ನುವಷ್ಟು ಬೇಗ ಹಳತಾಗುವುದುಂಟು. ಹೊಸ ವಾಶರ್ ಹಾಕುವ ವೇಗ ಸವೆಯುವ ವೇಗಕ್ಕಿಂತ ಜಾಸ್ತಿ ಇದ್ದಷ್ಟು ದಿನ ಎಲೆ ಹಸಿರಾಗಿಯೇ ಇರುತ್ತದೆ, ನಮಗೆ ಏನೂ ಗೊತ್ತಾಗುವುದಿಲ್ಲ. ಗೇರಿಗೆ ಆ ವೇಗ ಇದೆ, ಹಳದಿ ಬಣ್ಣದ ದಾಸ್ತಾನು ದೊಡ್ಡದು, ಎಲೆ ದಪ್ಪ. ಹಲಸಿನ ನೆರಳಿನಲ್ಲಿ ಹುಟ್ಟಿದ ನಿಮ್ಮ ಸಸಿಯ ಎಲೆ ತೆಳು, ಬೆಳಕು ಹಿಡಿಯುವ ಬುಟ್ಟಿ ದೊಡ್ಡದು, ಚೆಲ್ಲುವ ದಾರಿ ಸಣ್ಣದು. ಕತ್ತಲೆ ಕೋಣೆಗೆ ಹೇಳಿ ಮಾಡಿಸಿದ ಎಲೆ ಅದು. ಒಮ್ಮೆ ಬಲಿತ ಎಲೆ ತನ್ನ ದಪ್ಪ ಬದಲಿಸಲಾರದು. ಮುಂದೆ ಬಿಚ್ಚುವ ಸುಳಿ ಮಾತ್ರ ಹೊಸ ಬೆಳಕಿಗೆ ತಕ್ಕ ಹಾಗೆ ಬರುತ್ತದೆ.

ಮುಟ್ಟಾಳೆ ಮಾವ ಮಳೆ ಹಿಡಿದ ಮೇಲೆ ಗೆಲ್ಲು ಸವರುತ್ತಾರಲ್ಲ, ಕಾರಣ ಇದೇ. ಜೂನ್ ಜುಲೈಯಲ್ಲಿ ಮರ ಕಡಿದರೂ ಮೇಲೆ ಮೋಡದ ಶೇಡ್ ನೆಟ್ ಇರುತ್ತದೆ. ಅಕ್ಟೋಬರಿನ ಬಿಸಿಲು, ಮಲಯಾಳದವರು ಕನ್ನಿವೆಯಿಲ್ ಎನ್ನುತ್ತಾರಲ್ಲ, ಅದು ಬರುವಷ್ಟರಲ್ಲಿ ಒಂದೆರಡು ಹೊಸ ಎಲೆ ಬಂದಿರುತ್ತದೆ.

ಒಂದು ಮಾತ್ರ ಬೇರೆ ಇಡಿ. ದೊಡ್ಡ ಕಂಗಿನ ಕಾಂಡ ಒಡೆಯುವುದು ಬಿಸಿಯಿಂದ, ಅಲ್ಲಿ ತೊಗಟೆ ಬೇಯುವುದು. ಎಲೆ ಬಿಳಿಚುವುದು ಬೆಳಕಿನಿಂದ ಶುರುವಾಗುತ್ತದೆ, ಬಿಸಿ ಅದರ ಜೊತೆಗೆ ಸೇರುತ್ತದೆ. ಹಾಳೆ ಎರಡಕ್ಕೂ ಔಷಧವೇ, ಅದು ಬೇರೆ ಮಾತು.

ಸುರಂಗದ ನೀರು · ಮಂಗಳವಾರ ಮಧ್ಯಾಹ್ನ 1.15

ನಮ್ಮ ತೆಂಗಿನ ಹಳೇ ಮಡಲುಗಳಲ್ಲೂ ಹೀಗೇ ಉಂಟು. ಬಿಸಿಲು ತಾಗುವ ಗರಿ ಹಳದಿ, ಮೇಲಿನ ಮಡಲಿನ ನೆರಳು ಬೀಳುವಲ್ಲಿ ಹಸಿರು. ಅಲ್ಲಿ ಯಾವ ಮರವನ್ನೂ ಕಡಿಯಲಿಲ್ಲ. ಅದು ಏನು ಮತ್ತೆ?

ಎಲೆಹಸಿರು · ಮಂಗಳವಾರ ರಾತ್ರಿ 8.00

ಒಳ್ಳೆ ಹಿಡಿದಿರಿ. ಅದು ಮೆಗ್ನೀಷಿಯಂ ಕೊರತೆ ಇರಬಹುದು, ನಮ್ಮ ಮುರಕಲ್ಲಿನ ಮಣ್ಣಿನಲ್ಲಿ ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ. ಅಲ್ಲೂ ಕೊನೆಗೆ ಬರುವುದು ಇದೇ ಕತೆಗೆ. ಮೆಗ್ನೀಷಿಯಂ ಇಲ್ಲದಿದ್ದರೆ ಎಲೆಯಲ್ಲಿ ಮಾಡಿದ ಸಕ್ಕರೆ ಹೊರಗೆ ಸಾಗುವುದಿಲ್ಲ, ಗೋದಾಮು ತುಂಬಿದೆ, ಖರ್ಚು ನಿಂತಿದೆ, ಬೆಳಕು ಬೀಳುತ್ತಲೇ ಇದೆ. ಅದಕ್ಕೇ ಬಿಸಿಲು ಬಿದ್ದಲ್ಲಿ ಮಾತ್ರ ಹಳದಿ.

ಗುರುತು ಹಿಡಿಯುವುದು ಹೀಗೆ: ಮೆಗ್ನೀಷಿಯಂನದ್ದು ತಿಂಗಳುಗಟ್ಟಲೆ ನಿಧಾನ, ಹಳೇ ಮಡಲಿನಿಂದ, ಗರಿಯ ತುದಿಯಿಂದ ಶುರು. ತೋಡಕರೆಯವರದ್ದು ಹನ್ನೆರಡು ದಿನದಲ್ಲಿ, ಬಿಸಿಲಿಗೆ ಬಿದ್ದ ಎಲ್ಲ ಎಲೆಯಲ್ಲೂ. ಆದರೂ ಮಣ್ಣು ಒಮ್ಮೆ ಪರೀಕ್ಷೆ ಮಾಡಿಸಿ. ಪರೀಕ್ಷೆಗೆ ಮೊದಲೇ ಚೀಲ ಚೀಲ ಗೊಬ್ಬರ ತರಬೇಡಿ.

ಟೆರೇಸ್ ತೋಟ · ಮಂಗಳವಾರ ರಾತ್ರಿ 8.25

ಮಧ್ಯಾಹ್ನ ಎಲೆಗೆ ನೀರು ಚಿಮುಕಿಸಿದರೆ ಹನಿ ಭೂತಗನ್ನಡಿಯ ಹಾಗೆ ಸುಡುತ್ತದೆ ಎನ್ನುತ್ತಾರಲ್ಲ, ಅದು ನಿಜವಾ?

ಎಲೆಹಸಿರು · ಮಂಗಳವಾರ ರಾತ್ರಿ 8.40

ನುಣುಪು ಎಲೆಗೆ ಇಲ್ಲ. 2010ರಲ್ಲಿ ಹಂಗೆರಿಯವರು ಇದನ್ನೇ ಪರೀಕ್ಷೆ ಮಾಡಿದ್ದಾರೆ. ಹನಿ ಎಲೆಗೆ ಅಂಟಿ ಕೂತರೆ ಬೆಳಕು ಒಂದೆಡೆ ಕೂಡುವ ಮೊದಲೇ ಎಲೆ ಬಂದುಬಿಡುತ್ತದೆ. ರೋಮದ ಎಲೆಯಲ್ಲಿ ಹನಿ ಎತ್ತರದಲ್ಲಿ ನಿಂತರೆ ಮಾತ್ರ ಸುಡಬಹುದು. ಆಂಥೂರಿಯಂಗೆ ಧೈರ್ಯವಾಗಿ ಹಾಕಿ.

ಕೇಪುಳ · ಶನಿವಾರ ಮಧ್ಯಾಹ್ನ 1.50

ಪುಳಿಯಾರೆಲೆ ನೋಡಿದೆ!! ನಮ್ಮ ಬಾವಿಕಟ್ಟೆಯ ಸಂದಿಯಲ್ಲಿ ಇರುವುದು. ಬೆಳಿಗ್ಗೆಯಿಂದ ತೆಂಗಿನ ನೆರಳು, 12.10ಕ್ಕೆ ಬಿಸಿಲು ನೇರ ಬಿತ್ತು. ನಾನು ಮೆಟ್ಟಿಲಿನ ಮೇಲೆ ಗಡಿಯಾರ ಹಿಡಿದು ಕೂತೆ. ಐದು ನಿಮಿಷ ಏನೂ ಇಲ್ಲ ಅನ್ನಿಸಿತು. ಮತ್ತೆ ನೋಡಿದರೆ ಮೂರು ಎಸಳುಗಳೂ ತೊಟ್ಟಿನ ಕಡೆಗೆ ಕುಗ್ಗುತ್ತಾ ಇವೆ. 12.20ಕ್ಕೆ ಪೂರ್ತಿ ಕೆಳಗೆ, ಒದ್ದೆ ಕೊಡೆ ಮಡಚಿ ಗೋಡೆಗೆ ಒರಗಿಸಿದ ಹಾಗೆ. ಒಂದು ಗಿಡಕ್ಕೆ ಮಾತ್ರ ಅಜ್ಜಿಯ ಮೊರ ಅಡ್ಡ ಇಟ್ಟೆ. ಅದು ತಿರುಗಿ ಬಿಚ್ಚಲು ಅರ್ಧ ಗಂಟೆ ಬೇಕಾಯಿತು. ಪಕ್ಕದವು ಮಡಚಿಯೇ ಇದ್ದವು. ಮಡಚುವುದು ಬೇಗ, ಬಿಚ್ಚುವುದು ನಿಧಾನ, ಅದೂ ಕಟ್ಟದ ಹಲಗೆಯ ಹಾಗೆಯೇ ಅಲ್ವಾ ಅಕ್ಕಾ? ಅಜ್ಜಿ ಬಂದು ಮೊರ ಎಲ್ಲಿ ಎಂದು ಕೇಳಿದರು, ಪ್ರಯೋಗ ಅಲ್ಲಿಗೆ ಮುಗಿಯಿತು.

ಎಲೆಹಸಿರು · ಶನಿವಾರ ಸಂಜೆ 5.30

ಕೇಪುಳ, ನಿನ್ನ ಅಜ್ಜಿಗೆ ನನ್ನ ನಮಸ್ಕಾರ ಹೇಳು. ಆ ಗಡಿಯಾರದ ಲೆಕ್ಕ ಬರೆದಿಡು, ದಿನಾಂಕ ಸಮೇತ.

ಇನ್ನೊಂದು ಇದೆ, ಕಣ್ಣಿಗೆ ಕಷ್ಟದ್ದು. ಎಲೆ ಅಲ್ಲಾಡದಿದ್ದರೂ ಒಳಗೆ ಕ್ಲೋರೋಪ್ಲಾಸ್ಟುಗಳು ಅಲ್ಲಾಡುತ್ತವೆ. ಮಂದ ಬೆಳಕಿನಲ್ಲಿ ಕೋಶದ ಮೇಲ್ಮೈಗೆ ಹರಡಿ ಕೂರುತ್ತವೆ, ಬೆಳಕು ಜೋರಾದರೆ ಪಕ್ಕದ ಗೋಡೆಗೆ ಸರಿದು ಒಂದರ ಹಿಂದೆ ಒಂದು ಅಡಗುತ್ತವೆ. ಬಿಸಿಲಿಗೆ ಜಗಲಿಯ ಗೋಡೆಗೆ ಒತ್ತಿ ನಿಲ್ಲುತ್ತೇವಲ್ಲ ಹಾಗೆ. ನೀಲಿ ಬೆಳಕನ್ನು ಗುರುತಿಸುವ ಫೋಟೊಟ್ರೋಪಿನ್ ಎಂಬ ಪ್ರೋಟೀನು ಇದನ್ನು ನಡೆಸುತ್ತದೆ. ಆ ಪ್ರೋಟೀನು ಕೆಟ್ಟಿರುವ, ಲ್ಯಾಬಿನ ಪ್ರಯೋಗಕ್ಕೆ ಬೆಳೆಸುವ ಅರಬಿಡಾಪ್ಸಿಸ್ ಗಿಡಗಳು ಜೋರು ಬೆಳಕಿನಲ್ಲಿ ಬೇಗ ಸುಡುತ್ತವೆ ಎಂದು 2002ರಲ್ಲಿ ಜಪಾನಿನವರು ತೋರಿಸಿದ್ದಾರೆ. ನೆರಳಿನ ತೆಳು ಎಲೆಗೆ ನಡುವೆ ಕಪ್ಪು ಕಾಗದದ ಪಟ್ಟಿ ಸಿಕ್ಕಿಸಿ, ಒಂದು ಗಂಟೆ ಬಿಸಿಲಿಗೆ ಇಟ್ಟು ತೆಗೆದರೆ ಪಟ್ಟಿಯಡಿ ಕಡು ಹಸಿರು, ಆಚೆ ಈಚೆ ಸ್ವಲ್ಪ ತೆಳು ಕಾಣಬಹುದು. ಅದು ಬಿಳಿಚಿದ್ದಲ್ಲ, ಸರಿದದ್ದು. ನೆರಳಿಗಿಟ್ಟರೆ ಮರಳಿ ಬರುತ್ತದೆ.

ಸುರಂಗದ ನೀರು · ಭಾನುವಾರ ಸಂಜೆ 6.40

ಕಾಗದದ ಪಟ್ಟಿ ಮಾಡಿ ನೋಡಿದೆ, ಬಾವಿ ಹತ್ತಿರದ ಒಂದು ನೆರಳಿನ ಗಿಡಕ್ಕೆ. ನನಗೆ ಗೆರೆ ಕಂಡಿತು. ಹೆಂಡತಿಗೆ ಕಾಣಲಿಲ್ಲ. ಮಗನನ್ನು ಕರೆದೆ, ಅವನು ಯಾರ ಪಕ್ಷ ಎಂದು ಮೊದಲು ಕೇಳಿದ.

ತೋಡಕರೆ · ಮೂರು ವಾರದ ನಂತರ, ಬುಧವಾರ ಸಂಜೆ 5.10

ಎಲ್ಲರಿಗೂ ಸುದ್ದಿ ಹೇಳಬೇಕಿತ್ತು. ಮುಟ್ಟಾಳೆ ಮಾವ ಹೇಳಿದ ದಿನವೇ ಮಡಲು ಊರಿದ್ದೆ, ಒಂದೊಂದು ಸಸಿಗೆ ಎರಡೆರಡು, ತೆಂಕು ಪಡು ಬದಿಗೆ. ನೀರು ಎರಡು ದಿನಕ್ಕೊಮ್ಮೆ. ಸುಟ್ಟ ಎಲೆಯನ್ನು ಕಡಿಯಲಿಲ್ಲ, ಅರ್ಧ ಹಸಿರು ಇದ್ದದ್ದು ಇನ್ನೂ ಕೆಲಸ ಮಾಡುತ್ತಿರಬಹುದು ಎಂದು ಬಿಟ್ಟೆ. ಬಿಳಿಯಾದದ್ದು ಬಿಳಿಯೇ, ಅದು ತಿರುಗಿ ಹಸಿರಾಗಲಿಲ್ಲ. ಬರೀ ಮಾಸಿದ್ದ ಎಲೆಗಳು ಮಾತ್ರ ಹತ್ತು ಹನ್ನೆರಡು ದಿನದಲ್ಲಿ ಕಳೆಗೂಡಿದವು.

ಇವತ್ತು ಬೆಳಿಗ್ಗೆ ಲೆಕ್ಕ ಮಾಡಿದೆ. 120ರಲ್ಲಿ 9 ಹೋಗಿವೆ. 70ರಷ್ಟರಲ್ಲಿ ಹೊಸ ಸುಳಿ ಬಿಚ್ಚುತ್ತಿದೆ. ಮುಟ್ಟಿ ನೋಡಿದೆ, ಹಳೇ ಎಲೆಗಿಂತ ಗಡಸು, ಬಣ್ಣ ಸ್ವಲ್ಪ ತಿಳಿ ಹಸಿರು, ಆದರೆ ಒಂದು ಕಲೆ ಇಲ್ಲ. ಪಡುವಣ ಬದಿಗೆ ಬಾಳೆಕಂದು ತರಿಸಿದ್ದೇನೆ, ಮಳೆ ಬಂದ ಕೂಡಲೇ ಇಡುವುದು. ಮಣ್ಣಿನ ಪರೀಕ್ಷೆಗೂ ಕೊಟ್ಟಿದ್ದೇನೆ. ಪಕ್ಕದ ಮನೆಯವರು ಈಗ ನೋಡಿ ಅಂಗಡಿಯ ಮದ್ದು ಹಿಡಿಯಿತು ಎನ್ನುತ್ತಿದ್ದಾರೆ.

ಎಲೆಹಸಿರು ಅಕ್ಕಾ, ಹೊಸ ಎಲೆ ತಿಳಿ ಬಣ್ಣ ಇರುವುದಕ್ಕೆ ಹೆದರಬೇಕಾ?

ಎಲೆಹಸಿರು · ಬುಧವಾರ ರಾತ್ರಿ 9.15

ಬೇಡ. ಬಿಸಿಲಿನ ಎಲೆ ಸಾಧಾರಣ ತಿಳಿಯೇ ಇರುತ್ತದೆ. ಬೆಳಕು ಹಿಡಿಯುವ ಬುಟ್ಟಿ ಸಣ್ಣದು ಮಾಡಿಕೊಂಡು, ಖರ್ಚು ಮಾಡುವ ಯಂತ್ರ ಜಾಸ್ತಿ ಇಟ್ಟುಕೊಂಡಿರುತ್ತದೆ. ಗಡಸು ಎಂದಿರಲ್ಲ, ಅದು ದಪ್ಪ ಆದದ್ದರ ಗುರುತು. ಮಡಲನ್ನು ಮಾತ್ರ ಒಮ್ಮೆಲೇ ತೆಗೆಯಬೇಡಿ. ಗರಿ ಒಣಗಿ ತಾನಾಗಿ ಉದುರುತ್ತಾ ಹೋಗಲಿ, ಅಷ್ಟು ನಿಧಾನ ಸಾಕು.

ಮುಟ್ಟಾಳೆ · ಗುರುವಾರ ಬೆಳಿಗ್ಗೆ 6.20

9 ಹೋದಲ್ಲಿಗೆ ಸಸಿ ನನ್ನ ಹತ್ತಿರ ಉಂಟು, ಮಳೆ ಹಿಡಿದ ಮೇಲೆ ಬಂದು ತೆಗೆದುಕೊಂಡು ಹೋಗು. ಬಿಸಿಲಿನಲ್ಲಿ ಇಟ್ಟು ಬೆಳೆಸಿದ್ದು. ಬರುವಾಗ ಹಲಸಿನ ಹಣ್ಣು ತರುವುದು ಬೇಡ, ಮರ ಇಲ್ಲ ಎಂದು ಗೊತ್ತುಂಟು.